ಹಲಸಿನ ಮಣೆಗೆ ಹಾಲು ಕರೆಯೋ ಪಂಪು

ಊಟದ ಮಣೆ ಮಾಡುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಅಂಚಿಗೆ ರೌಟರ್ (ಅಂಚು ಕೊರೆಯುವ ಕರೆಂಟಿನ ಯಂತ್ರ) ಓಡಿಸಿ ಉರುಟು ಮಾಡಬೇಕು, ಆದರೆ ಮಣೆಯನ್ನು ಬೆಂಚಿಗೆ ಬಿಗಿಯುವ ಸಿ-ಕ್ಲ್ಯಾಂಪ್ ಕೂತಿರುವುದೂ ಅದೇ ಅಂಚಿನ ಮೇಲೆ. ಒಂದು ಬದಿ ಮುಗಿಸಿ, ಕ್ಲ್ಯಾಂಪ್ ಬಿಚ್ಚಿ, ತಿರುಗಿಸಿ, ಮತ್ತೆ ಬಿಗಿದು ಇನ್ನೊಂದು ಬದಿ ಮಾಡಿದರೆ ಎರಡು ಗೆರೆ ಕೂಡುವಲ್ಲಿ ಸಣ್ಣದೊಂದು ಮೆಟ್ಟಿಲು ಉಳಿದೇ ಉಳಿಯುತ್ತದೆ. ಅದನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ತೆಗೆಯುವುದಕ್ಕೆ ರೌಟರಿನ ಕೆಲಸಕ್ಕಿಂತ ಹೆಚ್ಚು ಹೊತ್ತು ಬೇಕು. ತೀರ್ಥಹಳ್ಳಿ ಸುತ್ತಿನ ಹೋಂಸ್ಟೇಗಳಿಂದ ಹಲಸಿನ ಮಣೆ, ಟ್ರೇಗಳಿಗೆ ಒಟ್ಟೊಟ್ಟಿಗೆ ಆರ್ಡರ್ ಬರತೊಡಗಿದ ಮೇಲೆ ನಾನು ವ್ಯಾಕ್ಯೂಮ್ ಕಡೆ, ಅಂದರೆ ಅಡಿಯ ಗಾಳಿ ಎಳೆದು ಮಣೆಯನ್ನು ಬೆಂಚಿಗೆ ಹಿಡಿಸುವ ಕಡೆ ತಿರುಗಿದೆ. ಈಗ ಮಣೆಯ ನಾಲ್ಕು ಅಂಚೂ ಖಾಲಿ. ರೌಟರನ್ನು ಒಂದೇ ಓಟದಲ್ಲಿ ಸುತ್ತು ಹಾಕಿಸಿ ತೆಗೆಯುತ್ತೇನೆ.

ಇದರ ಲೆಕ್ಕ ಕಷ್ಟದ್ದಲ್ಲ. ನಮ್ಮ ಸುತ್ತಲಿನ ಗಾಳಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕೆಜಿ ಭಾರ ಹಾಕಿಕೊಂಡೇ ಇರುತ್ತದೆ. ಮೇಲಿನಿಂದ ಎಷ್ಟೋ ಕೆಳಗಿನಿಂದಲೂ ಅಷ್ಟೇ ಒತ್ತುವುದರಿಂದ ಅದು ನಮಗೆ ತಿಳಿಯುವುದಿಲ್ಲ. ಹಲಗೆಯ ಅಡಿಯ ಗಾಳಿಯನ್ನು ಎಳೆದು ತೆಗೆದರೆ ಮೇಲಿನ ಭಾರ ಮಾತ್ರ ಉಳಿಯುತ್ತದೆ. 25 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದದ ಜಾಗದಲ್ಲಿ ಅರ್ಧದಷ್ಟು ಗಾಳಿ ತೆಗೆದರೂ ಮಣೆಯ ಮೇಲೆ 400 ಕೆಜಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ವ್ಯಾಕ್ಯೂಮ್ ಅಳೆಯುವ ಗೇಜಿನ ವಿಷಯದಲ್ಲಿ ಒಂದು ಮಾತು: ಅದರ ಲೆಕ್ಕ ಪಾದರಸದ ಇಂಚಿನಲ್ಲಿ, ಸಮುದ್ರಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ 29.9 ಇಂಚು. ಸಾಗರ, ತೀರ್ಥಹಳ್ಳಿಗಳು ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಎಂಥ ಪಂಪ್ ತಂದರೂ ಮುಳ್ಳು 28ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಂಪ್ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಪಂಪಿಗೆ ನನ್ನ ಮುಂದೆ ಮೂರು ದಾರಿ ಇದ್ದವು. ಹಳೇ ಫ್ರಿಜ್ಜಿನ ಕಂಪ್ರೆಸರ್ ಚೆನ್ನಾಗಿಯೇ ಎಳೆಯುತ್ತದೆ, ಆದರೆ ಅದು ಸಾಗಿಸುವ ಗಾಳಿ ತೀರಾ ಕಡಿಮೆ. ಎಲ್ಲೋ ಕೂದಲೆಳೆಯಷ್ಟು ಸೋರಿದರೂ ಮುಳ್ಳು ಮೇಲೇಳುವುದಿಲ್ಲ. ಎ.ಸಿ. ಮೆಕ್ಯಾನಿಕ್‌ಗಳು ಗ್ಯಾಸ್ ತುಂಬುವ ಮೊದಲು ಹಚ್ಚುವ ಪಂಪ್ ಆಳವಾಗಿ ಎಳೆಯುತ್ತದೆ ನಿಜ, ಸೋರುವ ಕೆಲಸಕ್ಕೆ ಬಹಳ ಹೊತ್ತು ಓಡಿಸಿದರೆ ಬಿಸಿಯಾಗಿ ಎಣ್ಣೆಯ ಹೊಗೆ ಕಾರುತ್ತದೆ. ಮೂರನೆಯದು ನಮ್ಮೂರುಗಳ ಕೊಟ್ಟಿಗೆಯಲ್ಲೇ ಇದೆ: ಹಾಲು ಕರೆಯುವ ಯಂತ್ರದ ಪಂಪು. ಅದು ಎಳೆಯುವುದು 15 ಇಂಚಿನ ಆಸುಪಾಸು ಮಾತ್ರ, ಆದರೆ ಗಾಳಿ ನುಗ್ಗುತ್ತಲೇ ಇದ್ದರೂ ನಿಲ್ಲಿಸದೆ ಓಡುವುದಕ್ಕೆಂದೇ ಮಾಡಿದ್ದು. ದನ ಮಾರಿದವರೊಬ್ಬರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದನ್ನು ತಂದೆ. ಪಕ್ಕದ ಆಚಾರ್ರು ಬಂದವರು ನೋಡಿ, "ಎಂತ ಮಾರಾಯ, ಮಣೆಯಿಂದ ಹಾಲು ಕರೀತೀಯಾ?" ಅಂದರು. "ಕರೆದ್ರೆ ನಿಮ್ಗೂ ಒಂದು ಲೋಟ ಕೊಡ್ತೀನಿ ಆಚಾರ್ರೇ" ಅಂದೆ. ಮನೆಯಲ್ಲಿ ದನ ಇರುವವರು ಮಾತ್ರ ಒಂದೇ ಪಂಪನ್ನು ಎರಡಕ್ಕೂ ಹಚ್ಚುವ ಆಸೆ ಬಿಡಿ. ಮರದ ಪುಡಿ ಹಾಲಿನ ಲೈನಿಗೆ ಹೋಗಕೂಡದು.

ಪಂಪಿನ ಮಾತು ಇಷ್ಟೇ ಸಾಕು. ಹಿಡಿತ ನಿಂತಿರುವುದು ಪಂಪಿನ ಶಕ್ತಿಯ ಮೇಲಲ್ಲ, ಗಾಳಿ ಎಲ್ಲೆಲ್ಲಿಂದ ಒಳಗೆ ನುಗ್ಗುತ್ತದೆ ಅನ್ನುವುದರ ಮೇಲೆ.

ಮಣೆಯ ಅಡಿಗೆ ಇಡುವ, ನಡುವೆ ಗಾಳಿ ಎಳೆಯುವ ತೂತಿರುವ ನನ್ನ ಅಡಿಹಲಗೆ 18 ಎಂ.ಎಂ. ಪ್ಲೈವುಡ್. ಮಣೆಗಿಂತ ಎಲ್ಲ ಕಡೆ ಒಂದೂವರೆ ಸೆಂ.ಮೀ. ಚಿಕ್ಕದು, ರೌಟರ್ ಬಿಟ್ಟಿನ (ಕೊರೆಯುವ ಅಲಗಿನ) ಬೇರಿಂಗ್ ಆ ಸಂದಿನಲ್ಲಿ ಆರಾಮಾಗಿ ಓಡುತ್ತದೆ. ಪ್ಲೈ ನೋಡುವುದಕ್ಕೆ ಗಟ್ಟಿ, ಗಾಳಿಯ ಲೆಕ್ಕದಲ್ಲಿ ಜರಡಿ. ಒಳಗಿನ ಪದರಗಳ ನಡುವೆ ಸಂದುಗಳಿರುತ್ತವೆ, ಅಂಚಿನಿಂದ ನುಗ್ಗಿದ ಗಾಳಿ ಅವುಗಳಲ್ಲೇ ಹಾದು ನಡುವಿನ ತೂತಿಗೆ ಬರುತ್ತದೆ. ಅದಕ್ಕೇ ಎರಡೂ ಮುಖಕ್ಕೆ ಸನ್ಮೈಕಾ ಅಂಟಿಸಿ, ನಾಲ್ಕು ಅಂಚಿಗೂ ಅರಾಲ್ಡೈಟ್ ಅಂಟು ಬಳಿದೆ. ಮರೆಯುವಂಥ ಜಾಗ ಇನ್ನೊಂದಿದೆ: ಆ ನಡುವಿನ ತೂತಿನ ಒಳಗೋಡೆ. ಡ್ರಿಲ್ ಮಾಡಿದಾಗ ಪ್ಲೈನ ಪದರಗಳೆಲ್ಲ ಅಲ್ಲಿ ಬಾಯಿ ತೆರೆದು ಕೂತಿರುತ್ತವೆ. ಬೆರಳಿಗೆ ಅರಾಲ್ಡೈಟ್ ಹಚ್ಚಿಕೊಂಡು ತೂತಿನೊಳಗೆ ಒಂದು ಸುತ್ತು ತಿರುಗಿಸಿದರೆ ಮುಗಿಯಿತು.

ತೂತು ಈಕಡೆಯಿಂದ ಆಕಡೆಗೆ ಪೂರ್ತಿ ಇದೆ. ಅಡಿಹಲಗೆಯ ಮೇಲೊಂದು ರಬ್ಬರ್ ಸುತ್ತು, ಕೆಳಗೊಂದು. ಬೆಂಚಿನ ಮೇಲ್ಮೈಗೂ ಸನ್ಮೈಕಾ ಹಾಕಿ, ಅಡಿಯಿಂದ ಪೈಪ್ ತಂದು ಅಲ್ಲೊಂದು ತೂತಿಗೆ ಕೂರಿಸಿದ್ದೇನೆ. ಅಡಿಹಲಗೆಯನ್ನು ಆ ತೂತು ರಬ್ಬರಿನ ಸುತ್ತಿನೊಳಗೆ ಬರುವ ಹಾಗೆ ಎಲ್ಲಿಟ್ಟರೂ ಆಯಿತು. ಒಂದೇ ವಾಲ್ವ್ ತಿರುಗಿಸಿದರೆ ಅಡಿಹಲಗೆ ಬೆಂಚಿಗೆ, ಮಣೆ ಅಡಿಹಲಗೆಗೆ ಒಟ್ಟಿಗೇ ಕಚ್ಚಿಕೊಳ್ಳುತ್ತವೆ. ಪೈಪು, ಕನೆಕ್ಟರು, ವಾಲ್ವು ಎಲ್ಲ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಸಿಕ್ಕವು. 8 ಎಂ.ಎಂ. ಪಿ.ಯು. ಪೈಪ್ ಸಾಕು.

ರಬ್ಬರಿಗೆ ಫೋಮ್ ಟೇಪ್ ತರುವಾಗ ಒಂದು ತುಂಡು ಕತ್ತರಿಸಿ ತುಟಿಗಿಟ್ಟು ಊದಿ ನೋಡಿ. ಗಾಳಿ ದಾಟಿತೋ, ಅದು ಕುಶನ್ನಿನ ಸ್ಪಂಜಿನ ಜಾತಿ, ಬೇಡ. ಟೇಪನ್ನು ಸಪಾಟು ಮುಖದ ಮೇಲೆ ಹಾಗೇ ಅಂಟಿಸಿದರೆ ಮಣೆ ಅದರ ಮೇಲೆ ದೋಣಿಯ ಹಾಗೆ ತೇಲಾಡುತ್ತದೆ, ರೌಟರ್ ಒತ್ತಿದ ಕಡೆ ತಗ್ಗುತ್ತದೆ. ಅದಕ್ಕೆ ಮೊದಲು ಗಾಡಿ, ಅಂದರೆ ಉದ್ದನೆಯ ತೋಡು ಕೊರೆದು ಟೇಪನ್ನು ಅದರೊಳಗೆ ಕೂರಿಸಿ, ಎರಡು ಎಂ.ಎಂ.ನಷ್ಟು ಮಾತ್ರ ಹೊರಗೆ ಉಳಿಸಿದೆ. ಸುತ್ತಿನ ಒಳಗಿನ ಜಾಗಕ್ಕೆ 120 ನಂಬರಿನ ಪಾಲಿಶ್ ಪೇಪರ್ ತುಂಡುಗಳನ್ನು ಅಂಟಿಸಿದೆ. ವ್ಯಾಕ್ಯೂಮ್ ಹಿಡಿದಾಗ ಟೇಪ್ ಪೂರ್ತಿ ಅದುಮಿಕೊಂಡು ಮಣೆ ಬಂದು ಪೇಪರಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಈ ಒಂದು ಪೇಪರಿನಿಂದ ಬಂದ ವ್ಯತ್ಯಾಸ ದೊಡ್ಡ ಪಂಪ್ ತಂದಿದ್ದರೂ ಬರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಗಾಳಿ ಒತ್ತುವುದು ಕೆಳಕ್ಕೆ, ರೌಟರ್ ತಳ್ಳುವುದು ಪಕ್ಕಕ್ಕೆ. ಪಕ್ಕಕ್ಕೆ ಜಾರದಂತೆ ತಡೆಯುವುದು ಬರೀ ಘರ್ಷಣೆ, ಅದು ಒತ್ತಡದ ಒಂದು ಪಾಲು ಅಷ್ಟೇ.

ಸೋರುವ ಜಾಗ ಹುಡುಕಲು ಊದುಬತ್ತಿ ಒಳ್ಳೇದು. ಪಂಪ್ ಹಾಕಿ ಅಂಚಿನ ಸುತ್ತ ಊದುಬತ್ತಿ ಹಿಡಿದು ಹೋಗಿ, ಹೊಗೆ ಬಾಗಿ ಒಳಗೆ ಹೋದಲ್ಲಿ ಸೋರುತ್ತಿದೆ. ಅದಕ್ಕೆ ಮೊದಲು ಬೆಂಚಿನ ಮೇಲಿನ ಮರದ ಪುಡಿ ಗುಡಿಸಿರಿ, ಇಲ್ಲದಿದ್ದರೆ ಬೇರೆ ಹೊಗೆ ಬಂದೀತು. ಬಹಳ ಸಲ ಸೋರುವುದು ಮರವೇ. ಹಲಸಿಗೂ ಸಾಗುವಾನಿಗೂ ಎಳೆಯ ಉದ್ದಕ್ಕೆ ಕಣ್ಣಿಗೆ ಕಾಣುವಷ್ಟು ರಂಧ್ರಗಳಿವೆ, ತುದಿಯಿಂದ ಹೊಕ್ಕ ಗಾಳಿ ಅಡಿಮುಖಕ್ಕೆ ಬಂದು ಸೇರುತ್ತದೆ. ಮಣೆಯ ಅಡಿಗೆ ಮೊದಲೇ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಒಂದು ಕೋಟ್ ಹೊಡೆದರೆ ಮುಳ್ಳು ಹತ್ತುವುದು ಕಾಣುತ್ತದೆ. ಗಂಟು ಬಿರುಕು ಬಿಟ್ಟಿದ್ದರೆ ಅದರ ಮೇಲೊಂದು ಪ್ಯಾಕಿಂಗ್ ಟೇಪ್.

ಮಳೆಗಾಲದಲ್ಲಿ ಬೇರೆಯದೇ ಕಥೆ. ಆಷಾಢದಲ್ಲಿ ತೆಳು ಹಲಗೆಗಳು ಬಟ್ಟಲಾಗುತ್ತವೆ. ವ್ಯಾಕ್ಯೂಮ್ ಅವನ್ನು ಎಳೆದು ಸಪಾಟು ಮಾಡಿಬಿಡುತ್ತದೆ, ನೋಡಿದರೆ ಖುಷಿಯಾಗುತ್ತದೆ. ಹಾಗೆ ಹಿಡಿದಿಟ್ಟು ಮೇಲಿನ ಮುಖ ಎಷ್ಟೇ ನುಣ್ಣಗೆ ತೆಗೆದರೂ, ವಾಲ್ವ್ ಬಿಟ್ಟ ಕೂಡಲೇ ಹಲಗೆ ತನ್ನ ಹಳೇ ಡೊಂಕಿಗೇ ವಾಪಸ್. ಡೊಂಕು ತೆಗೆಯುವುದು ಕೀಸುಳಿಯ ಕೆಲಸ, ಅದನ್ನು ಮೊದಲು ಮುಗಿಸಿಕೊಂಡೇ ಹಲಗೆಯನ್ನು ಇದಕ್ಕೆ ಏರಿಸಬೇಕು. ಕೀಸುಳಿ ಹೊಡೆಯುವುದಕ್ಕೂ ನಾನು ವ್ಯಾಕ್ಯೂಮ್ ನಂಬುವುದಿಲ್ಲ. ಮುಂದಕ್ಕೆ ತಳ್ಳುವ ಕೆಲಸಕ್ಕೆ ಎದುರಿಗೊಂದು ಅಡ್ಡಪಟ್ಟಿ ಹೊಡೆಯುವುದೇ ಸರಿ. ಉಳಿ, ಕೊಡತಿಯ ಪೆಟ್ಟಿಗಂತೂ ಇದು ಬೇಡವೇ ಬೇಡ.

ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಪಂಪಿಗೂ ಬೆಂಚಿಗೂ ನಡುವೆ ಒಂದು ಟ್ಯಾಂಕು, ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಒನ್-ವೇ ವಾಲ್ವ್ ಇರಲೇಬೇಕು. ಕರೆಂಟು ಹೋದರೆ ರೌಟರೂ ನಿಲ್ಲುತ್ತದಲ್ಲ ಅನ್ನಬಹುದು. ಕರೆಂಟು ನಿಂತ ಮೇಲೂ ರೌಟರಿನ ಬಿಟ್ಟು ಕೆಲವು ಸೆಕೆಂಡು ತಿರುಗುತ್ತದೆ, ಮಣೆ ಸಡಿಲವಾಗಬಾರದ್ದು ಅದೇ ಹೊತ್ತಿನಲ್ಲಿ. ನನ್ನದು ಹಳೇ ಏರ್ ಕಂಪ್ರೆಸರಿನ ಟ್ಯಾಂಕು. ಪೇಂಟಿನ ಡಬ್ಬ, ಪ್ಲಾಸ್ಟಿಕ್ ಕ್ಯಾನು ಹಾಕಬೇಡಿ, ಹೊರಗಿನ ಗಾಳಿಯ ಭಾರಕ್ಕೆ ಅಪ್ಪಚ್ಚಿಯಾಗುತ್ತವೆ. ಪುಡಿ ತಡೆಯಲು ಬೈಕಿನ ಪೆಟ್ರೋಲ್ ಫಿಲ್ಟರ್ ಹಾಕಿದ್ದೇನೆ, ಕೊಳೆಯಾಗಿದ್ದು ಹೊರಗಿನಿಂದಲೇ ಕಾಣುತ್ತದೆ.

ಗೇಜು ಕಣ್ಣಿಗೆ ನೇರ ಗೋಡೆಯ ಮೇಲಿದೆ. 12 ಇಂಚಿಗಿಂತ ಕೆಳಗಿದ್ದರೆ ರೌಟರ್ ಮುಟ್ಟುವುದಿಲ್ಲ. ಅಂಗೈ ಅಗಲಕ್ಕಿಂತ ಸಣ್ಣ ತುಂಡುಗಳನ್ನು, ಪಟ್ಟಿಗಳನ್ನು ಇದರ ಮೇಲೆ ಇಡುವುದೇ ಇಲ್ಲ. 5 ಸೆಂ.ಮೀ. ಅಗಲದ ಒಂದಡಿ ಪಟ್ಟಿಗೆ 15 ಇಂಚಿನಲ್ಲಿ ಬೀಳುವುದು 80 ಕೆಜಿಯೂ ಇಲ್ಲ, ರೌಟರಿನ ಬಿಟ್ಟು ಒಮ್ಮೆ ಕಚ್ಚಿ ಎಳೆದರೆ ಅದು ಸಾಲದು. ಅಂಥವಕ್ಕೆ ಎರಡು ಮುಖದ ಟೇಪೋ, ಹಳೇ ವೈಸೋ ಇದೆ. ಇನ್ನು ಪಂಪಿನ ಹೊಗೆಯ ಪೈಪನ್ನು ಗೋಡೆಯಾಚೆ ಬಿಡಿ. ಎಣ್ಣೆಯ ಹನಿ ಕೂತ ಮರದ ಮೇಲೆ ಪಾಲಿಶ್ ಹಿಡಿಯುವುದಿಲ್ಲ, ಎಲ್ಲಿ ಹಿಡಿದಿಲ್ಲ ಅನ್ನುವುದು ಗೊತ್ತಾಗುವುದು ಎರಡನೇ ಕೋಟ್ ಹೊಡೆದ ಮೇಲೆ.