ಆಹಾರ ಬ್ಯಾಂಕಿನಿಂದ ದಿನಸಿ: ಹಾಸನದ ಒಂದು ವೃದ್ಧಾಶ್ರಮದ ಅನುಭವ

ಹಾಸನದ ಹೊರವಲಯದಲ್ಲಿರುವ ವೃದ್ಧಾಶ್ರಮವೊಂದರ ಉಗ್ರಾಣ ನನ್ನ ಸುಪರ್ದಿನಲ್ಲಿದೆ. ಸಿಬ್ಬಂದಿಯೂ ಸೇರಿ ಸುಮಾರು ಐವತ್ತು ಮಂದಿಗೆ ಮೂರು ಹೊತ್ತು ಬಡಿಸುವ ನಮ್ಮಂಥ ಅಡುಗೆಮನೆಯನ್ನು ದಿನಸಿಯ ಕೊರತೆಗಿಂತ ಅದರ ಅನಿಶ್ಚಿತತೆಯೇ ಹೆಚ್ಚು ಕಾಡುತ್ತದೆ. ಪಿತೃಪಕ್ಷ ಆರಂಭವಾದಲ್ಲಿಂದ ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಮುಗಿಯುವವರೆಗೆ ದಾನಿಗಳು ಒಬ್ಬರ ಹಿಂದೊಬ್ಬರು ಬರುತ್ತಾರೆ, ಅಕ್ಕಿಯ ಮೂಟೆಗಳನ್ನು ಇಡಲು ಜಾಗ ಸಾಲುವುದಿಲ್ಲ. ಜೂನ್, ಜುಲೈ ಬಂತೆಂದರೆ ಜನರಿಗೆ ಶಾಲೆಯ ಫೀಸು, ಬಿತ್ತನೆಯ ಖರ್ಚು, ಜೊತೆಗೆ ಹಿಡಿದು ಸುರಿಯುವ ಮಳೆ. ನಮ್ಮ ಗೇಟಿನತ್ತ ಯಾರೂ ಸುಳಿಯುವುದಿಲ್ಲ. ತೀರಿಹೋದ ತಾಯಿಯ ಹೆಸರಿನಲ್ಲಿ ಹೋಳಿಗೆ ಊಟ ಹಾಕಿಸುತ್ತೇವೆ ಎಂದು ಬಂದವರಿಗೆ ಬೇಡವೆನ್ನುವುದು ಹೇಗೆ? ಆದರೆ ಪಂಕ್ತಿಯಲ್ಲಿ ಕುಳಿತವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ಮತ್ತು ಅದೇ ವಾರ ಉಗ್ರಾಣದಲ್ಲಿ ತೊಗರಿಬೇಳೆ ತಳ ಕಂಡಿರುತ್ತದೆ. ತಲೆಗೆ ದಿನಕ್ಕೆ ಐವತ್ತು ಗ್ರಾಂ ಎಂದು ಹಿಡಿದರೂ ತಿಂಗಳಿಗೆ 75 ಕಿಲೋ ಬೇಳೆ ಬೇಕು. ಬೇಳೆಯನ್ನು ದಾನವಾಗಿ ಕೊಡುವವರು ಬಹಳ ಅಪರೂಪ.

ಈ ಏರುಪೇರನ್ನು ಸರಿದೂಗಿಸುವ ದಾರಿ ಹುಡುಕುತ್ತಿದ್ದಾಗಲೇ ಬೆಂಗಳೂರಿನ ಆಹಾರ ಬ್ಯಾಂಕೊಂದರ ಪರಿಚಯವಾಯಿತು. ಈ ವ್ಯವಸ್ಥೆ ಶುರುವಾದದ್ದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಅಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು, ಅಂಗಡಿಗಳು ಮಾರಲಾಗದೆ ಬಿಟ್ಟ ಆದರೆ ತಿನ್ನಲು ಯೋಗ್ಯವಾದ ಆಹಾರವನ್ನು ಒಂದೆಡೆ ಸಂಗ್ರಹಿಸಿ ಸೇವಾಸಂಸ್ಥೆಗಳಿಗೆ ಹಂಚಲು ಸೇಂಟ್ ಮೇರೀಸ್ ಆಹಾರ ಬ್ಯಾಂಕನ್ನು ಆರಂಭಿಸಿದರು. ಇಂದಿಗೂ ಕ್ರಮ ಹೆಚ್ಚು ಕಡಿಮೆ ಅದೇ. ಪೆಟ್ಟಿಗೆ ಜಜ್ಜಿಹೋದ, ಲೇಬಲ್ ಮುದ್ರಣ ತಪ್ಪಿದ, ಅವಧಿ ಹತ್ತಿರವಾದ, ಇಲ್ಲವೇ ಅಂದಾಜು ಮೀರಿ ತಯಾರಾದ ಸರಕನ್ನು ಕಂಪನಿಗಳಿಂದಲೂ ಸಗಟು ವ್ಯಾಪಾರಿಗಳಿಂದಲೂ ಪಡೆದು, ಗೋದಾಮಿನಲ್ಲಿ ವಿಂಗಡಿಸಿ, ಸಂಸ್ಥೆಗಳ ಬೇಡಿಕೆ ಪಟ್ಟಿ ನೋಡಿ ಹಂಚುತ್ತಾರೆ. ನಾವು ಸೇರಿರುವ ಬ್ಯಾಂಕು ವ್ಯಕ್ತಿಗಳಿಗೆ ನೇರವಾಗಿ ಕೊಡುವುದಿಲ್ಲ. ನೋಂದಾಯಿತ ಸಂಸ್ಥೆಗಳಿಂದಲೂ ಪಡೆದದ್ದನ್ನು ಮಾರುವುದಿಲ್ಲವೆಂದು ಬರೆಸಿಕೊಳ್ಳುತ್ತದೆ. ಸರಕಿಗೆ ಬೆಲೆಯಿಲ್ಲ, ಆದರೆ ಗೋದಾಮು ಮತ್ತು ಸಾಗಣೆಯ ಬಾಬ್ತು ಕಿಲೋ ಲೆಕ್ಕದಲ್ಲಿ ಸಣ್ಣ ಶುಲ್ಕವಿದೆ. ದಾನದ ವಸ್ತುವಿಗೆ ಹಣವೇಕೆ ಎಂದು ನಮ್ಮ ಟ್ರಸ್ಟಿಗಳೊಬ್ಬರು ಆಕ್ಷೇಪಿಸಿದರು. ನನ್ನ ಅಭಿಪ್ರಾಯದಲ್ಲಿ ಆ ಶುಲ್ಕ ಇರುವುದೇ ಒಳ್ಳೆಯದು, ಏಕೆಂದರೆ ಶುಲ್ಕ ಕೊಡಬೇಕಾದಾಗ ಬೇಡದ್ದನ್ನು ಯಾರೂ ಕೇಳುವುದಿಲ್ಲ.

ಕಂಪನಿಗಳು ಆ ಸರಕನ್ನು ನೇರವಾಗಿ ನಮಗೇ ಕೊಡಬಾರದೇಕೆ ಎಂಬ ಪ್ರಶ್ನೆ ನನಗೂ ಇತ್ತು. ಉತ್ತರ ಅವರ ಲೆಕ್ಕಪತ್ರದಲ್ಲಿದೆ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಈ ಹೊರೆಯನ್ನೂ ಕಾಗದಪತ್ರದ ಕೆಲಸವನ್ನೂ ಒಪ್ಪಿಕೊಂಡು ಕೊಡಲು ಮುಂದಾಗುವ ಕಂಪನಿಗೆ, ಒಂದು ಲಾರಿ ಸರಕನ್ನು ಒಂದೇ ರಸೀದಿಯಲ್ಲಿ ಇಳಿಸಿಕೊಂಡು ಅದು ಎಲ್ಲಿಗೆ ಹೋಯಿತೆಂದು ಲೆಕ್ಕ ಒಪ್ಪಿಸಬಲ್ಲ ಒಬ್ಬರು ಬೇಕೇ ಹೊರತು, ಎರಡೆರಡು ಮೂಟೆ ಕೇಳುವ ಇಪ್ಪತ್ತು ಆಶ್ರಮಗಳಲ್ಲ. ಇದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವು ಉಳಿಕೆ ಆಹಾರದ ಸಂಗ್ರಹ ಮತ್ತು ವಿತರಣೆಗೆ 2019ರಲ್ಲಿ ಪ್ರತ್ಯೇಕ ನಿಯಮಗಳನ್ನೇ ತಂದಿದೆ. ಅವನ್ನೆಲ್ಲ ಪಾಲಿಸುವಷ್ಟು ಸಿಬ್ಬಂದಿ ನಮ್ಮಂಥವರಲ್ಲಿ ಎಲ್ಲಿದ್ದಾರೆ?

ಸರಕು ಬಂದ ದಿನ ನಾನು ಮೊದಲು ನೋಡುವುದು ಪೊಟ್ಟಣದ ಮೇಲಿನ ದಿನಾಂಕವನ್ನು. ‘ಬೆಸ್ಟ್ ಬಿಫೋರ್’ ಎಂದಿದ್ದರೆ ಆ ದಿನದವರೆಗೆ ರುಚಿ, ಗುಣ ಪೂರ್ತಿಯಾಗಿರುತ್ತದೆ ಎಂದರ್ಥ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ ಆ ದಿನ ದಾಟಿದ ಮೇಲೆ ಮುಟ್ಟಲೇಬಾರದು. ಕಾನೂನಿನ ಮಾತು ಹಾಗಿದ್ದರೂ ಎಂಬತ್ತು ದಾಟಿದವರ ಹೊಟ್ಟೆಯ ವಿಷಯದಲ್ಲಿ ನಾವು ಇನ್ನೂ ಬಿಗಿ: ಯಾವ ದಿನಾಂಕವೇ ಇರಲಿ, ಅದಕ್ಕೆ ಮೊದಲೇ ಮುಗಿಯುವಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತೇವೆ. ನಂತರ ರವೆ, ಹಿಟ್ಟಿನ ಪರೀಕ್ಷೆ. ಚೀಲದ ಮೂಲೆಯನ್ನು ಬೆಳಕಿಗೆ ಹಿಡಿದಾಗ ರವೆ ಉದುರದೆ ಎಳೆ ಎಳೆಯಾಗಿ ಅಂಟಿಕೊಂಡಿದ್ದರೆ ಒಳಗೆ ಹುಳು ಬಲೆ ಕಟ್ಟಿದೆ ಎಂದೇ ತಿಳಿಯಬೇಕು. ಅಂಥ ಚೀಲ ಉಗ್ರಾಣದ ಹೊಸ್ತಿಲು ದಾಟುವುದಿಲ್ಲ, ದಾಟಿದರೆ ಪಕ್ಕದ ನಾಲ್ಕು ಚೀಲಗಳನ್ನೂ ಕೆಡಿಸುತ್ತದೆ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಮಳೆಗಾಲದ ತೇವವೇ ದೊಡ್ಡ ಶತ್ರು. ಮೂಟೆಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡುತ್ತೇವೆ. ರವೆ ಬಂದ ದಿನವೇ ಅಡುಗೆಯ ಅಕ್ಕ ಅದನ್ನು ಹುರಿದು ಡಬ್ಬಕ್ಕೆ ತುಂಬುತ್ತಾರೆ.

ಬ್ಯಾಂಕಿನಿಂದ ಎಲ್ಲವೂ ಸಿಗುತ್ತದೆಂದು ಯಾರೂ ಭಾವಿಸಬಾರದು. ಅಕ್ಕಿ, ಗೋಧಿಹಿಟ್ಟು, ಅವಲಕ್ಕಿ, ಶಾವಿಗೆ, ಬಿಸ್ಕತ್ತು, ಕೆಲವೊಮ್ಮೆ ಬೇಳೆ ಬರುತ್ತವೆ. ಅಡುಗೆ ಎಣ್ಣೆ ಅಪರೂಪ, ರಾಗಿಯಂತೂ ಇಲ್ಲವೇ ಇಲ್ಲ. ಹಾಸನದ ಹಿರಿಯರಿಗೆ ರಾಗಿ ಇಲ್ಲದೆ ನಡೆಯುತ್ತದೆಯೇ? “ಮುದ್ದೆ ಹಾಕ್ದೇ ಊಟ ಆಯ್ತು ಅಂತೀಯಲ್ಲಪ್ಪ” ಎಂದು ಅರಸೀಕೆರೆ ಕಡೆಯ ಅಜ್ಜರೊಬ್ಬರು ತಟ್ಟೆ ಸರಿಸಿದ್ದುಂಟು. ಈಗ ಅಕ್ಕಿ, ಹಿಟ್ಟುಗಳ ಮೇಲೆ ಉಳಿದ ಹಣವನ್ನು ಕೂಡಿಟ್ಟು, ಒಕ್ಕಣೆ ಮುಗಿದ ಮೇಲೆ ರೈತರಿಂದಲೇ ವರ್ಷಕ್ಕಾಗುವಷ್ಟು ರಾಗಿಯನ್ನು ಒಟ್ಟಿಗೆ ಕೊಳ್ಳುತ್ತೇವೆ. ಚೆನ್ನಾಗಿ ಒಣಗಿದ ರಾಗಿಗೆ ಹುಳುವಿನ ಕಾಟವಿಲ್ಲವಾದ್ದರಿಂದ ಮುಂದಿನ ಸುಗ್ಗಿಯವರೆಗೂ ಚಿಂತೆಯಿಲ್ಲ. ಆಹಾರ ಬ್ಯಾಂಕಿನಿಂದ ನಮಗಾದ ದೊಡ್ಡ ಲಾಭ ಯಾವುದೆಂದು ಕೇಳಿದರೆ ನಾನು ಉಚಿತ ಅಕ್ಕಿಗಿಂತ ಮೊದಲು ಈ ರಾಗಿಯನ್ನು ಹೇಳುತ್ತೇನೆ: ಬೇಕಾದ ವಸ್ತುವನ್ನು, ಬೆಲೆ ಇಳಿದಿರುವ ಕಾಲದಲ್ಲಿ, ನಗದು ಕೊಟ್ಟು ಕೊಳ್ಳುವ ಶಕ್ತಿ ನಮಗೆ ಮೊದಲು ಇರಲಿಲ್ಲ. ಹಾಲು, ಹಾಸಿಗೆ ಹಿಡಿದವರಿಗೆ ಡೈಪರ್, ರಕ್ತದೊತ್ತಡದ ಮಾತ್ರೆ ಇವುಗಳಿಗೂ ಅದೇ ಉಳಿತಾಯದ ಹಣ ಹೋಗುತ್ತದೆ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದೇ ಬ್ಯಾಂಕಿನಿಂದ ದಿನಸಿ ಪಡೆಯುವ ಸಂಸ್ಥೆಗಳಿಗೆ ಪರಸ್ಪರ ಪರಿಚಯವಾಗುತ್ತದೆ. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ರಾಶಿ ಬೀಳುವ ಅಕ್ಕಿ ಈಗ ಬ್ಯಾಂಕಿನವರಿಗೆ ತಿಳಿಸಿ, ಚನ್ನರಾಯಪಟ್ಟಣದ ಕಡೆಯ ಮಕ್ಕಳ ಹಾಸ್ಟೆಲಿಗೆ ಹೋಗುತ್ತದೆ. ಅವರಿಗೆ ಹೆಚ್ಚಾದ ಬೇಳೆ ನಮಗೆ ಬರುತ್ತದೆ. ಸಾಗಣೆಯೂ ಜೊತೆಯಲ್ಲೇ. ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್. ಒಬ್ಬರೇ ವಾಹನ ಮಾಡಿದರೆ ಬಾಡಿಗೆಯಲ್ಲೇ ಲಾಭ ಕರಗುತ್ತದೆ. ಇಲ್ಲಿಂದ ಆಲೂಗಡ್ಡೆ, ಶುಂಠಿ, ತರಕಾರಿ ಹೊತ್ತು ಬೆಂಗಳೂರಿಗೆ ಹೋಗಿ ಖಾಲಿ ಮರಳುವ ಲಾರಿಯವರನ್ನು ಹಿಡಿದು, ಮೂರ್ನಾಲ್ಕು ಸಂಸ್ಥೆಗಳು ಬಾಡಿಗೆ ಹಂಚಿಕೊಳ್ಳುತ್ತೇವೆ.

ಊರಿನ ದಾನಿಗಳೊಂದಿಗೆ ಮಾತಾಡುವ ರೀತಿಯನ್ನೂ ಬದಲಿಸಿದ್ದೇವೆ. ಆದಾಯ ತೆರಿಗೆಯ 80ಜಿ ವಿನಾಯಿತಿ ಹಣದ ದೇಣಿಗೆಗೆ ಮಾತ್ರ ಸಿಗುತ್ತದೆ, ಅದೂ ನಗದಾದರೆ ಎರಡು ಸಾವಿರ ರೂಪಾಯಿಯವರೆಗೆ ಮಾತ್ರ. ಅಕ್ಕಿ ಮೂಟೆಗೆ ಸಿಗದು. ಇದನ್ನು ವಿವರಿಸಿ, ಮೂಟೆಯ ಬದಲು ಒಂದು ತಿಂಗಳ ಲಾರಿ ಬಾಡಿಗೆ ಅಥವಾ ಗ್ಯಾಸ್ ಸಿಲಿಂಡರುಗಳ ಖರ್ಚನ್ನು ಚೆಕ್ಕಿನಲ್ಲಿ ಕೊಡಿ ಎಂದು ಕೇಳುತ್ತೇವೆ. ಎಲ್ಲರೂ ಒಪ್ಪುವುದಿಲ್ಲ, ತಾವು ಕೊಟ್ಟದ್ದನ್ನು ಹಿರಿಯರು ಉಣ್ಣುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಸಹಜವಾದದ್ದು, ಅಂಥವರಿಗೆ ಹೋಳಿಗೆ ಊಟದ ದಿನ ಈಗಲೂ ಇದೆ.

ಸೇರಬಯಸುವ ಸಂಸ್ಥೆಗಳು ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ ಪ್ರಮಾಣಪತ್ರ, ಸ್ವಯಂಸೇವಾ ಸಂಸ್ಥೆಗಳಿಗಾಗಿ ಸರ್ಕಾರ ನಡೆಸುವ ದರ್ಪಣ್ ಜಾಲತಾಣದ ನೋಂದಣಿ ಸಂಖ್ಯೆ, ಅಡುಗೆಮನೆಯ ಆಹಾರ ಸುರಕ್ಷತಾ ನೋಂದಣಿ ಇವನ್ನು ಮೊದಲೇ ಸಿದ್ಧಪಡಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಬ್ಯಾಂಕಿನವರು ಬಂದು ಉಗ್ರಾಣವನ್ನೂ ದಾಸ್ತಾನು ಪುಸ್ತಕವನ್ನೂ ನೋಡುತ್ತಾರೆ. ನಮ್ಮಲ್ಲಿ ಅವರು ಹೆಚ್ಚು ಹೊತ್ತು ತಿರುವಿ ಹಾಕಿದ್ದು ಪುಸ್ತಕವನ್ನೇ: ಬಂದ ದಿನ, ತೂಕ, ಅವಧಿ, ದಿನದ ಖರ್ಚು, ಉಳಿಕೆ ಇಷ್ಟು ಅದರಲ್ಲಿ ಪ್ರತಿ ಸಂಜೆ ಭರ್ತಿಯಾಗಿರಬೇಕು.