ಮೆದುಳಿನ ಗಡ್ಡೆ ಗ್ರೇಡ್ 2 ಅಂದರಾ? ರಿಪೋರ್ಟ್‌ನಲ್ಲಿ ಇವನ್ನು ನೋಡಿ

ನಮ್ಮ ಭಾವನಿಗೆ ಮಂಡ್ಯದ ಹತ್ತಿರ ಗದ್ದೆಯಲ್ಲಿ ನೀರು ಕಟ್ಟುವಾಗ ಫಿಟ್ಸ್ ಬಂತು. ಸುತ್ತ ಇದ್ದವರು ಕೈಗೆ ಕಬ್ಬಿಣ ಹಿಡಿಸಿದರು. ಎಂಆರ್‌ಐ ಮಾಡಿಸಿದಾಗ ಗಡ್ಡೆ ಕಂಡಿತು, ಆಪರೇಷನ್ ಆದ ಮೇಲೆ ಗ್ರೇಡ್ 2 ಗ್ಲಿಯೋಮಾ (ಮೆದುಳಿನ ನರಗಳಿಗೆ ಆಸರೆಯಾಗಿರುವ ಕೋಶಗಳಿಂದ ಹುಟ್ಟುವ ಗಡ್ಡೆ) ಅಂದರು. ಅಕ್ಕ ಕೇಳಿದ್ದು ಒಂದೇ, 'ಎಷ್ಟು ವರ್ಷ?'

ಗ್ರೇಡ್ ಒಂದನ್ನೇ ನೋಡಿ ಅದಕ್ಕೆ ಉತ್ತರ ಹೇಳೋಕಾಗಲ್ಲ.

ಮೊದಲು ತೆಗೆದ ಗಡ್ಡೆಯ ಜೀನ್ ಟೆಸ್ಟ್ ಆಗಿದೆಯಾ ಕೇಳಿ. ಐಡಿಎಚ್ (ಒಂದು ಜೀನ್) ಮತ್ತು 1ಪಿ/19ಕ್ಯೂ (ಎರಡು ಕ್ರೋಮೋಸೋಮ್‌ಗಳ ತುಂಡುಗಳು), ಈ ಎರಡು ಹೆಸರು ಬರೆದಿಟ್ಟುಕೊಳ್ಳಿ. ಐಡಿಎಚ್ ಬದಲಾಗಿದ್ದು, 1ಪಿ/19ಕ್ಯೂ ಎರಡೂ ಕಳೆದುಹೋಗಿದ್ದರೆ ಅದು ಆಲಿಗೋಡೆಂಡ್ರೋಗ್ಲಿಯೋಮಾ. ಇದು ಇರುವವರು ಸಾಮಾನ್ಯವಾಗಿ ಹೆಚ್ಚು ವರ್ಷ ಬದುಕುತ್ತಾರೆ, ಗಡ್ಡೆ ಕೀಮೋಗೂ ಚೆನ್ನಾಗಿ ಬಗ್ಗುತ್ತದೆ. ಐಡಿಎಚ್ ಮಾತ್ರ ಬದಲಾಗಿದ್ದರೆ ಆಸ್ಟ್ರೋಸೈಟೋಮಾ. ಐಡಿಎಚ್ ಬದಲಾಗದೇ ಇದ್ದರೆ ಜಾಸ್ತಿ ಎಚ್ಚರ ಬೇಕು, ಕಣ್ಣಿಗೆ ಸೌಮ್ಯವಾಗಿ ಕಂಡರೂ ಒಳಗೆ ಜೋರಾಗಿ ಬೆಳೆಯುವ ಜಾತಿಯದ್ದಿರಬಹುದು. ಟೆಸ್ಟ್ ಆಗಿಲ್ಲವಾದರೆ ಸ್ಲೈಡ್ ಜೊತೆ ಮೇಣದ ಬ್ಲಾಕನ್ನೂ (ಗಡ್ಡೆಯ ತುಂಡನ್ನು ಮೇಣದಲ್ಲಿ ಇಟ್ಟದ್ದು) ಕೇಳಿ ಪಡೆಯಿರಿ. ನಾವು ಬರೀ ಸ್ಲೈಡ್ ಹಿಡಿದು ಬೆಂಗಳೂರಿನ ರೈಲು ಹತ್ತಿದೆವು, ಒಂದು ದಿನ ಸುಮ್ನೆ ಹೋಯಿತು.

ಆಮೇಲೆ ಅಪಾಯ ಹೆಚ್ಚಿಸುವ ಈ ಐದನ್ನು ನೋಡಿ. ವಯಸ್ಸು 40 ಅಥವಾ ಹೆಚ್ಚಿದೆಯಾ, ಗಡ್ಡೆ 6 ಸೆಂಟಿಮೀಟರ್ ಅಥವಾ ಹೆಚ್ಚಿದೆಯಾ, ಮೆದುಳಿನ ನಡುಗೆರೆ ದಾಟಿದೆಯಾ, ಆಪರೇಷನ್‌ಗೆ ಮುಂಚೆಯೇ ಕೈಕಾಲು ಸೋತಿತ್ತಾ ಅಥವಾ ಮಾತು ತೊದಲುತ್ತಿತ್ತಾ, ಆಸ್ಟ್ರೋಸೈಟೋಮಾ ಹೌದಾ. 2002ರ ಯುರೋಪಿನ ಲೆಕ್ಕದಲ್ಲಿ ಇವುಗಳಲ್ಲಿ ಎರಡರವರೆಗೆ ಇದ್ದವರಲ್ಲಿ ಅರ್ಧದಷ್ಟು ಜನ 7.7 ವರ್ಷಕ್ಕಿಂತ ಜಾಸ್ತಿ ಬದುಕಿದ್ದರು, ಮೂರು ಅಥವಾ ಹೆಚ್ಚು ಇದ್ದವರಲ್ಲಿ 3.2 ವರ್ಷ. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ! ಅದು ಜೀನ್ ಟೆಸ್ಟ್ ಬರುವ ಮುಂಚಿನ ಲೆಕ್ಕ. ಅಂದಹಾಗೆ, ಬೇರೇನೂ ತೊಂದರೆ ಇಲ್ಲದೆ ಬರೀ ಫಿಟ್ಸ್‌ನಿಂದ ಗೊತ್ತಾದವರ ಸ್ಥಿತಿ ಸಾಮಾನ್ಯವಾಗಿ ಸ್ವಲ್ಪ ಮೇಲು.

ಇವೆಲ್ಲ ನಮ್ಮ ಕೈಯಲ್ಲಿಲ್ಲ. ಚಿಕಿತ್ಸೆ ಸ್ವಲ್ಪ ಇದೆ. ಗಡ್ಡೆ ಎಷ್ಟು ತೆಗೆದರು, ಎಷ್ಟು ಉಳಿಯಿತು ಅಂತ ಸರ್ಜನ್ ಹತ್ತಿರ ನೇರವಾಗಿ ಕೇಳಿ, ಆಪರೇಷನ್ ಆಗಿ ಎರಡು ಮೂರು ದಿನದೊಳಗಿನ ಎಂಆರ್‌ಐ ಅದನ್ನು ಹೇಳುತ್ತದೆ. ಜಾಸ್ತಿ ತೆಗೆದಷ್ಟೂ ಒಳ್ಳೆಯದು, ಆದರೆ ಮಾತು, ನಡಿಗೆ ಉಳಿಸಿಕೊಂಡು. ಗಡ್ಡೆ ಉಳಿದಿದ್ದರೆ ಅಥವಾ ವಯಸ್ಸು 40 ಆಗಿದ್ದರೆ, ರೇಡಿಯೇಷನ್ ಜೊತೆ ಕೀಮೋ ಬೇಕಾ ಕೇಳಿ. ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಇಂಥವರಿಗೆ ಬರೀ ರೇಡಿಯೇಷನ್ ಕೊಟ್ಟಾಗ ಅರ್ಧದಷ್ಟು ಜನ 7.8 ವರ್ಷಕ್ಕಿಂತ ಜಾಸ್ತಿ ಬದುಕಿದ್ದರು, ಕೀಮೋ ಸೇರಿಸಿದಾಗ ಅದು 13.3 ವರ್ಷ ಆಯಿತು.

ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಎಂಆರ್‌ಐ ಸಿಡಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಡಿ. ಈ ಗಡ್ಡೆ ನಿಧಾನ ಬೆಳೆಯುತ್ತದೆ, ಹೋದ ಸಲದ ಜೊತೆ ಹೋಲಿಸಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ, ಮೊದಲನೇ ಸಿಡಿ ಜೊತೆ ಇಟ್ಟು ನೋಡಿದಾಗಲೇ ಗೊತ್ತಾಗುವುದು. ಹಾಗಾಗಿ ಪ್ರತಿ ಸಲವೂ ಹಳೆಯದನ್ನೂ ಡಾಕ್ಟರ್ ಮುಂದೆ ಇಡಿ.