ಶಿಫಾರಸು ಪತ್ರಕ್ಕೆ ಯಾರನ್ನು ಕೇಳಬೇಕು? ಹೇಗೆ ಕೇಳಬೇಕು?

ಕಾರವಾರ, ಕುಮಟಾ, ಶಿರಸಿ ಕಡೆ ಡಿಗ್ರಿ ಮುಗಿಸಿ ಹೊರದೇಶದಲ್ಲಿ ಮಾಸ್ಟರ್ಸ್‌ಗೆ ಅರ್ಜಿ ಹಾಕುವವರು ಅಂಕಪಟ್ಟಿ, ಪಾಸ್‌ಪೋರ್ಟ್ ಎಲ್ಲ ಹೊಂದಿಸಿಕೊಳ್ಳುತ್ತಾರೆ. ಕೊನೆಗೆ ತಡವರಿಸುವುದು ‘ರೆಫರೀ ಹೆಸರು, ಇಮೇಲ್’ ಎಂಬ ಕಾಲಂನಲ್ಲಿ. ರೆಫರೀ ಎಂದರೆ ನಿಮ್ಮ ಬಗ್ಗೆ ಶಿಫಾರಸು ಪತ್ರ ಬರೆಯುವವರು. ಆಗ ನೆನಪಾಗುವುದು ಪ್ರಿನ್ಸಿಪಾಲರು. ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಸಕರ ಲೆಟರ್‌ಹೆಡ್ ತರಿಸೋಣ ಎನ್ನುತ್ತಾರೆ. ಪ್ರವೇಶ ಸಮಿತಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಅರ್ಜಿಯ ಷರತ್ತು ಓದಿ. ಅಮೆರಿಕದವರು ಸಾಮಾನ್ಯವಾಗಿ 3 ಪತ್ರ ಕೇಳುತ್ತಾರೆ, ಬ್ರಿಟನ್ ಮತ್ತು ಯುರೋಪಿನಲ್ಲಿ ಹೆಚ್ಚಾಗಿ 2. ‘ಅಕಾಡೆಮಿಕ್’ ಎಂದಿದ್ದರೆ ನಿಮಗೆ ಪಾಠ ಮಾಡಿದವರು ಅಥವಾ ಪ್ರಾಜೆಕ್ಟ್ ಗೈಡ್ ಬೇಕು. ಕೆಲಸದ ಕಡೆಯ ಬಾಸ್, ಸಂಬಂಧಿಕರು ನಡೆಯುವುದಿಲ್ಲ.

ಈಗ ಹೆಸರುಗಳ ಪಟ್ಟಿ ಮಾಡಿ. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ: ಇವರು ನನ್ನ ಕೆಲಸವನ್ನು ಕಣ್ಣಾರೆ ನೋಡಿದ್ದಾರಾ? ಕಾರವಾರದ ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದಿದವರಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಿನಲ್ಲಿ ಜೊತೆಗೆ ನಿಂತ ಗೈಡ್ ಸಿಗಬಹುದು. ಶಿರಸಿಯ ಅರಣ್ಯ ಕಾಲೇಜಿನವರಿಗೆ ನರ್ಸರಿಯ ಸಸಿ ಲೆಕ್ಕ ತಿದ್ದಿದ ಮೇಡಂ ಇರಬಹುದು. ‘ಈಕೆ ಶ್ರಮಜೀವಿ, ನಡತೆ ಉತ್ತಮ’ ಎಂದು ಯಾರು ಬೇಕಾದರೂ ಬರೆಯಬಹುದು. ಅದು ಟಿಸಿ ಜೊತೆ ಕೊಡುವ ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಷ್ಟೆ. ‘ಕಾಳಿ ಅಳಿವೆಯ ಉಪ್ಪಿನಂಶ ಅಳೆಯುವಾಗ ಉಬ್ಬರ-ಇಳಿತದ ಸಮಯ ತಪ್ಪಾಗಿದ್ದನ್ನು ಈಕೆಯೇ ಹಿಡಿದಳು, ಮತ್ತೆ ಹೋಗಿ ನೀರು ತಂದಳು’ ಎಂದು ಬರೆಯಲು ಗೈಡ್‌ಗೆ ಮಾತ್ರ ಸಾಧ್ಯ. ಅಂಥವರು ಪ್ರೊಫೆಸರ್ ಅಲ್ಲದಿದ್ದರೂ ಪರವಾಗಿಲ್ಲ.

ಇಲ್ಲೊಂದು ತೊಡಕಿದೆ. ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಜಾಸ್ತಿ ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ನಿಮ್ಮನ್ನು ಚೆನ್ನಾಗಿ ಬಲ್ಲವರೂ ಅವರೇ. ಆದರೆ ಮುಂದಿನ ವರ್ಷ ಅವರು ಅಲ್ಲೇ ಇರುತ್ತಾರೆ ಎಂಬ ಖಾತ್ರಿ ಇಲ್ಲ. ಹಾಗಾಗಿ ಕೊನೆಯ ಸೆಮಿಸ್ಟರ್‌ನಲ್ಲೇ ಮಾತಾಡಿ, ನಂಬರ್ ಇಟ್ಟುಕೊಳ್ಳಿ. ಅವರು ಒಂದು ಪತ್ರ ಬರೆಯಲಿ, ಇನ್ನೊಂದನ್ನು ವಿಭಾಗದ ಮುಖ್ಯಸ್ಥರಿಂದ ಪಡೆಯಿರಿ. ಇಮೇಲ್ ಸಮಸ್ಯೆಯೂ ಇಲ್ಲೇ ಬರುತ್ತದೆ. ಎಷ್ಟೋ ವಿಶ್ವವಿದ್ಯಾಲಯಗಳು ಸಂಸ್ಥೆಯ ಇಮೇಲ್ ವಿಳಾಸವನ್ನೇ ಬಯಸುತ್ತವೆ, ನಮ್ಮ ಸರ್‌ಗಳ ಬಳಿ ಇರುವುದು ಜಿಮೇಲ್. ಪ್ರವೇಶ ಕಚೇರಿಗೆ ಮೊದಲೇ ಬರೆದು ಕೇಳಿ. ಕಾಲೇಜಿನ ಲೆಟರ್‌ಹೆಡ್, ಸಹಿ, ಸೀಲು ಇದ್ದರೆ ಸಾಕಾ ಎಂದು ಅವರೇ ತಿಳಿಸುತ್ತಾರೆ.

ಕೇಳುವುದು ಯಾವಾಗ? ಕೊನೆಯ ದಿನಕ್ಕೆ ಒಂದೂವರೆ ತಿಂಗಳಾದರೂ ಮುಂಚೆ. ಅಮೆರಿಕದ ಅನೇಕ ಕೋರ್ಸ್‌ಗಳಿಗೆ ಡಿಸೆಂಬರ್, ಜನವರಿಯಲ್ಲಿ ಗಡುವು ಇರುವುದರಿಂದ ದೀಪಾವಳಿಗೆ ಮುಂಚೆಯೇ ಕೇಳಿದರೆ ಒಳ್ಳೆಯದು. ಹೋಗಿ ಭೇಟಿಯಾಗಿ. ‘ಸರ್, ಪತ್ರ ಕೊಡ್ತೀರಾ’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ‘ನನ್ನ ಕೆಲಸದ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನೆನಪಿದೆಯಾ’ ಎಂದು ಕೇಳಿ. ಅವರು ಅನುಮಾನಿಸಿದರೆ ಬೇಸರ ಮಾಡಿಕೊಳ್ಳದೆ ಮುಂದಿನ ಹೆಸರಿಗೆ ಹೋಗಿ.

ಒಪ್ಪಿದವರಿಗೆ ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಕೋರ್ಸ್ ವಿವರ, ಗಡುವು ಎಲ್ಲ ಒಂದೇ ಫೈಲಿನಲ್ಲಿ ಕೊಡಿ.

‘ನೀನೇ ಬರ್ಕೊಂಡು ಬಾ, ಸಹಿ ಹಾಕ್ತೇನೆ’ ಎನ್ನುವವರು ಸಿಗುತ್ತಾರೆ. ಪಾಪ, ಅವರಿಗೂ ಇಂಟರ್ನಲ್ಸ್, ಮೌಲ್ಯಮಾಪನ ಅಂತ ಕೆಲಸ ಸಾಕಷ್ಟಿರುತ್ತದೆ. ಆದರೂ ಬರೆಯಬೇಡಿ. ಅದು ನಿಯಮಕ್ಕೆ ವಿರುದ್ಧ. ಎರಡೂ ಪತ್ರ ಒಂದೇ ಬರವಣಿಗೆಯ ಧಾಟಿಯಲ್ಲಿದ್ದರೆ ಓದುವವರಿಗೆ ಗೊತ್ತಾಗುತ್ತದೆ ಕೂಡ. ಪತ್ರದ ಬದಲು ನಾಲ್ಕೈದು ಸಾಲಿನ ಟಿಪ್ಪಣಿ ಕೊಡಿ: ಯಾವ ಸೆಮಿಸ್ಟರ್, ಯಾವ ಪ್ರಯೋಗ, ಎಲ್ಲಿ ಎಡವಿದಿರಿ, ಹೇಗೆ ಸರಿಪಡಿಸಿದಿರಿ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಇನ್ನೂ ಒಳ್ಳೆಯದು.

ಅಮೆರಿಕದ ಅರ್ಜಿಯಲ್ಲಿ ‘ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿನ 1974ರ ಕಾನೂನಿನಿಂದ ಬಂದ ಹಕ್ಕು ಅದು. ‘ಹೌದು’ ಎನ್ನಿ. ವಿದ್ಯಾರ್ಥಿ ನೋಡದ ಪತ್ರಕ್ಕೆ ಬೆಲೆ ಜಾಸ್ತಿ.

ಅರ್ಜಿಯಲ್ಲಿ ರೆಫರೀ ಹೆಸರು ತುಂಬಿದ ಮೇಲೆ ಪತ್ರ ಕಳಿಸಲು ಅವರ ಇಮೇಲ್‌ಗೆ ಲಿಂಕ್ ಹೋಗುತ್ತದೆ. ಅದು ಸ್ಪ್ಯಾಮ್‌ನಲ್ಲಿ ಕೂತಿರಬಹುದು, ಅದೇ ದಿನ ಫೋನ್ ಮಾಡಿ ಹುಡುಕಿಸಿ. ಗಡುವಿಗೆ ವಾರವಿರುವಾಗ ಮತ್ತೊಮ್ಮೆ ನೆನಪಿಸಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ಹೊಸತಲ್ಲ, ಅಲ್ವಾ? ಜರ್ಮನಿಯ ಚಳಿಗಾಲದ ಮಧ್ಯರಾತ್ರಿ ಗಡುವು ನಮಗೆ ಮರುದಿನ ಬೆಳಗಿನ 4.30. ಈ ಹೆಚ್ಚುವರಿ ನಾಲ್ಕೂವರೆ ಗಂಟೆಯ ವಿಷಯವನ್ನು ಸರ್‌ಗೆ ಮಾತ್ರ ಹೇಳಬೇಡಿ.